ಮೂರು ಕುರಿಗಳ ವಿಡಿಯೋ ಗೇಮ್

"ಅಯ್ಯೋ, ಕುರಿ ಕಾರಿನಂಗ ಓಡಾಕತ್ತದಲ್ಲೇ!"

ಬಾಲಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪರದೆಯ ಮೇಲೆ ಬಿಳಿ ಚೌಕವೊಂದು ನೆಟ್ಟಗೆ ಸರ್ರನೆ ಓಡಿ, ಕಲ್ಲಿಗೆ ಬಡಿದು 'ಢಂ' ಎಂದಿತು.

"ನಗಬ್ಯಾಡ," ಎಂದಳು ಗೆಳತಿ ಜಾಹೆದಾ. "ಕಾರು ತೆಗದು ಕುರಿ ಹಾಕೀನಿ. ಹೆಸರೂ ಬದಲಿ ಮಾಡೀನಿ. ನಮ್ಮ ಗೇಮ್ ರೆಡಿ!"

ಅದು 1987. ರಾಯಚೂರಿನ ಅವರ ಶಾಲೆಗೆ ಹೊಸದಾಗಿ ಒಂದೇ ಒಂದು ಕಂಪ್ಯೂಟರ್ ಬಂದಿತ್ತು. ಗಣಿತದ ರಾಮಲಿಂಗಪ್ಪ ಸರ್ ಕೊಟ್ಟ ಕ್ಯಾಸೆಟ್ಟಿನಲ್ಲಿ ಕಾರಿನ ಆಟ ಪೂರ್ತಿ ಸಿದ್ಧವಾಗಿತ್ತು. ಹೆಸರು, ಬಣ್ಣ, ಚಿತ್ರ ಬದಲಿಸಿದರೆ ಸಾಕು. ಶನಿವಾರ ಮನೆಯವರು ಬಂದಾಗ ಇಬ್ಬಿಬ್ಬರು ಮಕ್ಕಳ ಪ್ರತಿ ಜೋಡಿಯೂ ತನ್ನ ಗೇಮ್ ತೋರಿಸಬೇಕಿತ್ತು.

ಬಾಲಮ್ಮ ಗುಂಜಹಳ್ಳಿಯ ಕುರಿ ಕಾಯುವ ಮನೆಯವಳು, ಹಾಸ್ಟೆಲ್ಲಿನಲ್ಲಿದ್ದು ಓದುತ್ತಿದ್ದಳು. ನಗು ನಿಂತ ಮೇಲೆ ಅವಳ ಮುಖ ಸಪ್ಪಗಾಯಿತು.

"ಕುರಿ ಹಿಂಗ ಹೋಗಂಗಿಲ್ಲ ಜಾಹೆದಾ. ಮುಂದಿಂದು ತಿರುಗಿದ್ರ ಹಿಂದಿನವೆಲ್ಲಾ ತಿರುಗ್ತಾವ. ಇದನ್ನ ನೋಡಿದ್ರ ನಮ್ಮವ್ವ ಏನಂತಾಳ?"

"ಅದೆಲ್ಲಾ ಬೇಕಂದ್ರ ಹೊಸದಾಗಿ ಪ್ರೋಗ್ರಾಂ ಬರೀಬೇಕು," ಎಂದರು ಹಿಂದೆ ನಿಂತಿದ್ದ ಸರ್. "ಬಟನ್ ಒತ್ತೋ ಭಾಗ ಹಳೇದ್ರಾಗಿಂದ ತಗೋರಿ. ಕುರಿ ನಡಿಯೋದು ಮಾತ್ರ ನೀವ ಬರೀಬೇಕು. ಶನಿವಾರಕ್ಕ ಮುಗೀತದೋ ಇಲ್ಲೋ, ನಾ ಹೇಳಂಗಿಲ್ಲ."

ಜಾಹೆದಾಳಿಗೆ ಸಿಟ್ಟು ಬಂತು. "ನಮ್ಮ ಅಮ್ಮಿ ಮಾನ್ವಿಯಿಂದ ಬಸ್ ಹತ್ತಿ ಬರ್ತಾಳ. ಖಾಲಿ ಪರದಿ ತೋರಿಸ್ಲೇನು?"

"ಆಗ್ಲಿಲ್ಲಂದ್ರ ಇದನ್ನ ತೋರಿಸೋಣು. ನನ್ನಾಣಿ!" ಎಂದಳು ಬಾಲಮ್ಮ.

ಜಾಹೆದಾ ಗೊಣಗುತ್ತಲೇ ಒಪ್ಪಿದಳು. ಇಬ್ಬರೂ ಅಂಗಳದಲ್ಲಿ ಕೂತು ಹುಣಸೆ ಬೀಜಗಳನ್ನು ಸಾಲಾಗಿ ಇಟ್ಟರು. ಮುಂದಿನ ಬೀಜವನ್ನು ಬಾಲಮ್ಮ ಸರಿಸಿದಳು. ಉಳಿದವು ಎತ್ತ ಹೋಗಬೇಕು? ಕಂಪ್ಯೂಟರಿಗೆ ಅದನ್ನು ಹೇಗೆ ಹೇಳುವುದು? ತಲೆ ಕೆರೆದುಕೊಂಡದ್ದೇ ಬಂತು.

ಕೊನೆಗೆ ಜಾಹೆದಾಳೇ ಕೂಗಿದಳು, "ಭಾಳ ಸುಲಭ ಅದ ಬೇ! ಮುಂದಿಂದು ಬಿಟ್ಟ ಜಾಗಕ್ಕ ಹಿಂದಿಂದು ಹೋಗ್ಬೇಕು. ಅಷ್ಟ!"

ಶುಕ್ರವಾರ ಅದನ್ನು ಟೈಪ್ ಮಾಡಿದರು. ಕುರಿಗಳು ಒಂದರ ಹಿಂದೆ ಒಂದು ಹೆಜ್ಜೆ ಹಾಕಿದವು. ಇಬ್ಬರೂ ಕುಣಿಯುವಷ್ಟರಲ್ಲಿ ಕರೆಂಟ್ ಹೋಯಿತು. ಕ್ಯಾಸೆಟ್ಟಿನಲ್ಲಿ ಉಳಿಸಿಟ್ಟಿರಲಿಲ್ಲ. ಬರೆದದ್ದೆಲ್ಲ ಮಾಯ.

ಶನಿವಾರ ಬೆಳಿಗ್ಗೆ ಬಾಲಮ್ಮ ಬಾಡಿದ ಮುಖದಲ್ಲಿ ಬಂದಳು. "ಆ ಕಾರಿನ ಗೇಮ ಹಾಕು. ಮಾತು ಕೊಟ್ಟೀನಿ."

ಜಾಹೆದಾ ಆಗಲೇ ಕೀಲಿಗಳ ಮುಂದೆ ಕೂತಿದ್ದಳು. "ಕಾರು ಯಾರಿಗೆ ಬೇಕು? ಹುಣಸಿ ಬೀಜ ನನ್ನ ತಲ್ಯಾಗ ಅವ. ನೀ ಹೇಳು, ನಾ ಟೈಪ್ ಹೊಡೀತೀನಿ. ಲಗೂನ!"

ಗಂಟೆ ಬಾರಿಸುವ ಹೊತ್ತಿಗೆ ಮೂರೇ ಕುರಿ ಆಗಿದ್ದವು. ಬಣ್ಣವಿಲ್ಲ, ಸದ್ದಿಲ್ಲ. ಮೇಲಾಗಿ ಮೂರನೆಯ ಕುರಿ ಆಗಾಗ ಸುಮ್ಮನೆ ನಿಂತುಬಿಡುತ್ತಿತ್ತು. ಯಾಕೆಂದು ಸರ್‌ಗೂ ತಿಳಿಯಲಿಲ್ಲ.

ಉಳಿದ ಜೋಡಿಗಳ ಕಾರುಗಳು ಢಂ ಢಂ ಎಂದಾಗಲೆಲ್ಲ ಜೋರು ಚಪ್ಪಾಳೆ ಬಿತ್ತು. ಜಾಹೆದಾ ಉಗುರು ಕಚ್ಚಿದಳು. ಇವರ ಸರದಿ ಬಂದಾಗ ಬಾಲಮ್ಮನ ಅವ್ವ ಬೂದೆಮ್ಮ ಕುರ್ಚಿಯ ತುದಿಯಲ್ಲಿ ಅಂಜುತ್ತಾ ಕೂತಳು. ಜಾಹೆದಾಳ ಅಮ್ಮಿ ಖಾಸಿಂ ಬೀ ಅವಳ ಪಕ್ಕ ನಿಂತಳು.

"ಇದನ್ನ ಒತ್ತಬೇ ಯವ್ವಾ. ಕುರಿ ದೊಡ್ಡಿಗೆ ಹೊಡಕೊಂಡು ಹೋಗು," ಎಂದಳು ಬಾಲಮ್ಮ.

ಬೂದೆಮ್ಮ ಮೆಲ್ಲಗೆ ಒತ್ತಿದಳು. ಒಂದು ಬಿಳಿ ಚೌಕ ತಿರುಗಿತು. ಹಿಂದಿನವೂ ತಿರುಗಿದವು. ಅವಳ ಬೆನ್ನು ನೆಟ್ಟಗಾಯಿತು.

"ಹ್ರೋ... ಹ್ರೋ..." ಎಂದು ಕುರಿ ಹೊಡೆಯುವ ದನಿಯಲ್ಲಿ ಪರದೆಗೆ ಕೂಗಿದಳು. ಎಲ್ಲರೂ ಘೊಳ್ಳೆಂದು ನಕ್ಕರು. ಅವಳಿಗೆ ಕೇಳಿಸಲೇ ಇಲ್ಲ.

ಅಷ್ಟರಲ್ಲಿ ಮೂರನೆಯದು ನಿಂತುಬಿಟ್ಟಿತು.

ಬೂದೆಮ್ಮ ಬಟನ್ನಿನಿಂದ ಬೆರಳು ತೆಗೆದಳು.

"ಒತ್ತಿ ಮುಂದ ಹೋಗಬಾರದೇನು?" ಎಂದಳು ಖಾಸಿಂ ಬೀ.

"ಹೆಂಗ ಹೋಗ್ಲಿ ತಂಗೀ? ಅದರ ಕಾಲಿಗೆ ಏನರ ಆಗಿರಬೇಕು. ತಡಿ, ಬರ್ತದ."

ಒಂದು ಗಳಿಗೆಯಲ್ಲಿ ಆ ಕುರಿ ಮತ್ತೆ ಹೊರಟಿತು. ಖಾಸಿಂ ಬೀ "ಬಂತು, ಬಂತು!" ಎಂದು ಚಪ್ಪಾಳೆ ತಟ್ಟಿದಳು.

ಜಾಹೆದಾ ಬಾಲಮ್ಮನ ಕಿವಿಯಲ್ಲಿ ಪಿಸುಗುಟ್ಟಿದಳು, "ಆ ಮೂರನೇದನ್ನ ಸೋಮವಾರ ಸರಿ ಮಾಡೋಣೇನು?"

ಬಾಲಮ್ಮ ಅವ್ವನ ಕಡೆ ನೋಡಿದಳು. ಅವ್ವ ಈಗ ಬಟನ್ ಒತ್ತುವ ಮುನ್ನ ಪ್ರತಿ ಸಲ ಹಿಂದಿನ ಕುರಿ ಬಂತೋ ಇಲ್ಲವೋ ಎಂದು ನೋಡಿಕೊಳ್ಳುತ್ತಿದ್ದಳು.

"ಬ್ಯಾಡ," ಎಂದಳು ಬಾಲಮ್ಮ. "ಅದು ಹಂಗ ಇರ್ಲಿ."