ನೆನಪಿಗೆ ಮಾರಿದ ಸಸಿಗಳು

ಮೋಡಗಳು ಬೆಟ್ಟಗಳೊಡನೆ ಮಾತಾಡುತ್ತಿದ್ದ ಕಾಲದಲ್ಲಿ ಅಂಬರಾವತಿ ಎಂಬ ರಾಜ್ಯವಿತ್ತು. ಅಲ್ಲಿನ ಬೋಳುಗುಡ್ಡದ ಮೇಲೆ ಒಂದು ಪಾಠಶಾಲೆ. ಸುತ್ತ ಒಂದು ಮರವೂ ಇರಲಿಲ್ಲ. ಬಿಸಿಲಿಗೆ ಬಳಲಿ ಮಕ್ಕಳು ಪಾಠದ ನಡುವೆಯೇ ತಲೆಸುತ್ತಿ ಬೀಳುತ್ತಿದ್ದರು.

ಗುರುಗಳಾದ ಚೆನ್ನಾಚಾರ್ಯರು ಕಿರಿಯ ಅಧ್ಯಾಪಕ ಸಂಕಣ್ಣನನ್ನು ಕರೆದು, "ಈ ಮಳೆಗಾಲದಲ್ಲಿ ಸಸಿ ನೆಡದಿದ್ದರೆ ಶಾಲೆ ಮುಚ್ಚಬೇಕಾಗುತ್ತದೆ, ಮಗು. ನಮ್ಮ ಕೈಗೆ ಎಟಕುವ ಬೆಲೆಗೆ ಸಸಿಗಳನ್ನು ತರಬಲ್ಲೆಯಾ?" ಎಂದು ಕೇಳಿದರು.

"ತರುತ್ತೇನೆ, ಗುರುಗಳೇ."

ಗೆಳೆಯ ಬೊಮ್ಮರಸ ಬಂಡಿ ಕಟ್ಟಿದನು. ದಾರಿಗೆ ಜೊತೆಯಿರಲೆಂದು ಗುರುಗಳು ತಮ್ಮ ಮಾತಾಡುವ ಗೊರವಂಕವನ್ನು ಕಳುಹಿಸಿದರು.

ರಾಜ್ಯದ ಸಸಿಗಳೆಲ್ಲ ಇದ್ದದ್ದು ಧೂಮಕಾಯನೆಂಬ ಮಾಂತ್ರಿಕನ ಕೋಟೆಯಲ್ಲಿ. ಸಿರಿವಂತರಿಗೆ ಅವನು ಹೊನ್ನಿಗೆ ಮಾರುತ್ತಿದ್ದನು, ಬಡವರಿಗೆ ನೆನಪಿಗೆ.

ಮೊದಲ ಬಾಗಿಲಲ್ಲಿ ಅವನು ನೇರಳೆ ಸಸಿಯೊಂದನ್ನು ಎತ್ತಿ ತೋರಿಸಿದನು. "ನಿನ್ನ ಗೆಳೆಯ ನಿನ್ನನ್ನು ಮರೆಯಬೇಕು. ಅದೇ ಇದರ ಬೆಲೆ."

"ಒಂದು ಗಿಡಕ್ಕೆ ಒಬ್ಬ ಗೆಳೆಯನೇ? ನಾನೇನು ಅಷ್ಟು ಅಗ್ಗವೇ?" ಎಂದು ಬೊಮ್ಮರಸ ನಕ್ಕನು. "ತೆಗೆದುಕೊಳ್ಳೋ, ಸಂಕ. ಮಕ್ಕಳಿಗೆ ನೆರಳಾಗಲಿ."

ಸಂಕಣ್ಣ ಒಪ್ಪಿ ತಲೆಯಾಡಿಸಿದನು. ಬೊಮ್ಮರಸನ ನಗು ಅಲ್ಲಿಯೇ ನಿಂತಿತು. "ಯಾರಪ್ಪ ನೀನು? ನನ್ನ ಬಂಡಿಯಲ್ಲಿ ನಿನ್ನ ಬುಟ್ಟಿ ಏಕಿದೆ?" ಎಂದವನೇ ಬುಟ್ಟಿಯನ್ನು ಕೆಳಗಿಳಿಸಿ ಎತ್ತುಗಳನ್ನು ತಿರುಗಿಸಿಕೊಂಡು ಹೊರಟುಹೋದನು.

ಎರಡನೆಯ ಬಾಗಿಲಲ್ಲಿ ಕಕ್ಕೆಯ ಸಸಿ. ಬೆಲೆ, ಗುರುವಿಗೆ ಅವನ ಬಗ್ಗೆ ಇರುವ ನೆನಪು. ಸಂಕಣ್ಣ ಬಹಳ ಹೊತ್ತು ನಿಂತನು. ತಲೆಸುತ್ತಿ ಬೀಳುವ ಮಕ್ಕಳು ಕಣ್ಣ ಮುಂದೆ ಬಂದರು. ಕೊನೆಗೆ ಒಪ್ಪಿದನು. ಹೆಗಲ ಮೇಲಿದ್ದ ಗೊರವಂಕ ಬೆಚ್ಚಿ, "ಗುರುಗಳಿಗೆ ನಿನ್ನಂಥ ಶಿಷ್ಯನೊಬ್ಬನಿದ್ದಾನೆಂದು ನಾನು ಕೇಳಿಯೇ ಇಲ್ಲ!" ಎಂದು ಕೂಗಿ ಹಾರಿಹೋಯಿತು.

ಮೂರನೆಯ ಬಾಗಿಲಲ್ಲಿ ಗುಡ್ಡವೆಲ್ಲ ತುಂಬುವಷ್ಟು ಸಸಿಗಳಿದ್ದವು.

"ಇವೆಲ್ಲವೂ ನಿನ್ನವು. ಶಾಲೆಯ ಮಕ್ಕಳು ನಿನ್ನನ್ನು ಮರೆತರೆ ಸಾಕು," ಎಂದನು ಧೂಮಕಾಯ.

ಸಂಕಣ್ಣ ನಿಧಾನವಾಗಿ ಹೇಳಿದನು: "ನೆಟ್ಟವನ ಗುರುತಿಲ್ಲದ ಗಿಡಕ್ಕೆ ಮಕ್ಕಳು ನೀರು ಹೊಯ್ಯುವುದಿಲ್ಲ, ಸ್ವಾಮಿ. ಒಂದೇ ಬೇಸಿಗೆಗೆ ಎಲ್ಲವೂ ಒಣಗುತ್ತವೆ. ಈ ಬೆಲೆಯನ್ನು ಕೊಡಲಾರೆ."

"ಹಾಗಾದರೆ ಆ ಎರಡು ಕಡ್ಡಿಗಳನ್ನು ನೆಟ್ಟುಕೊಂಡು ಕಾಡು ಕಟ್ಟು, ಹೋಗು!" ಎಂದು ಮಾಂತ್ರಿಕನು ಬಾಗಿಲು ಹಾಕಿದನು.

ಸಂಕಣ್ಣ ಎರಡು ಸಸಿಗಳನ್ನು ತಬ್ಬಿಕೊಂಡು ಕಾಡುದಾರಿಯಲ್ಲಿ ನಡೆದನು. ಬರುವಾಗ ಬೊಮ್ಮರಸನ ಹರಟೆಯಿಂದ ಕಿರಿದಾಗಿದ್ದ ಹಾದಿ ಈಗ ಮುಗಿಯುವಂತೆಯೇ ಕಾಣಲಿಲ್ಲ. ಅವನು ಒಮ್ಮೆ ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಹೇಳಿಕೊಂಡನು. ಯಾರೂ ಓಗೊಡಲಿಲ್ಲ.

ತಿರುವಿನ ಗವಿಯಿಂದ ಒಂದು ಕರಡಿ ಎದ್ದು ಬಂದಿತು. ಸಂಕಣ್ಣ ಸಸಿಗಳನ್ನು ಎದೆಗವಚಿಕೊಂಡು ಹಿಂದೆ ಸರಿದನು.

"ಹೆದರಬೇಡ. ತಿನ್ನುವವಳಾಗಿದ್ದರೆ ಮಾತಾಡಿಸುತ್ತಿದ್ದೆನೇ?" ಎಂದಿತು ಕರಡಿ. "ನಾನೂ ಮನುಷ್ಯಳೇ. ಹಿಂದೆ ರಾಣಿಯ ತೋಟಕ್ಕಾಗಿ ನೆನಪುಗಳನ್ನು ಒಂದೊಂದಾಗಿ ಮಾರಿದೆ. ನನ್ನನ್ನು ಬಲ್ಲ ಕೊನೆಯವರೂ ಮರೆತ ದಿನ ಮೈಮೇಲೆ ಈ ರೋಮ ಬೆಳೆಯಿತು. ಕೂತುಕೋ. ಬಾಗಿಲು ಗಲೀಜಾಗಿದೆ, ಬೇಸರ ಮಾಡಿಕೊಳ್ಳಬೇಡ."

ಗವಿಯ ಬಾಗಿಲ ತುಂಬ ಎಳೆಯ ಗಿಡಗಳು ಒತ್ತೊತ್ತಾಗಿ ಎದ್ದಿದ್ದವು. ಬಿತ್ತದೆ ಹುಟ್ಟಿದ್ದನ್ನು ಆ ರಾಜ್ಯದಲ್ಲಿ ಭೂತದ ಪೈರು ಎನ್ನುತ್ತಿದ್ದರು. ಕಂಡ ಕೂಡಲೇ ಕಿತ್ತೆಸೆಯುವುದು ಅಲ್ಲಿನ ಆಚಾರ. ಸಂಕಣ್ಣನೂ ಶಾಲೆಯ ಅಂಗಳದಲ್ಲಿ ಎಷ್ಟೋ ಬಾರಿ ಕಿತ್ತಿದ್ದನು.

"ಪ್ರತಿ ವರ್ಷ ಕೀಳುತ್ತಿದ್ದೆ," ಎಂದಿತು ಕರಡಿ. "ಈ ವರ್ಷ ಮನಸ್ಸಾಗಲಿಲ್ಲ. ಯಾರೂ ಬಾರದ ಬಾಗಿಲನ್ನು ಯಾರಿಗಾಗಿ ಗುಡಿಸಲಿ?"

ಸಂಕಣ್ಣ ಬಾಗಿ ನೋಡಿದನು. ಕೈಯಲ್ಲಿದ್ದ ನೇರಳೆಯ ಎಲೆಯನ್ನು ನೆಲದ ಎಲೆಯ ಪಕ್ಕದಲ್ಲಿ ಹಿಡಿದನು. ಬಳಿಕ ಕಕ್ಕೆಯದನ್ನು. ಎರಡೂ ಹೊಂದಿದವು.

"ನೀವು ಏನು ತಿನ್ನುತ್ತೀರಿ?"

"ನೇರಳೆಹಣ್ಣು, ಕಕ್ಕೆಕಾಯಿ. ಕರಡಿ ಮತ್ತೇನು ತಿನ್ನುತ್ತದೆ?"

"ಇದು ಭೂತದ ಪೈರಲ್ಲ! ನೀವು ತಿಂದ ಹಣ್ಣಿನ ಬೀಜಗಳೇ ನಿಮ್ಮ ಲದ್ದಿಯಲ್ಲಿ ಮೊಳೆತಿವೆ. ಧೂಮಕಾಯ ಮಾರುವ ಸಸಿಗಳೇ ಇವು. ಬೆಲೆ ಏನೆಂದು ಹೇಳಿ, ಅಕ್ಕ."

ಕರಡಿ ತಲೆಯೆತ್ತಿ, "ಏನೆಂದು ಕರೆದೆ?" ಎಂದು ಕೇಳಿತು.

"ಅಕ್ಕ ಎಂದೆ."

ರೋಮಗಳು ತರಗೆಲೆಯಂತೆ ಉದುರಿದವು. ನರೆಗೂದಲ ಮುದುಕಿಯೊಬ್ಬಳು ತನ್ನ ಬರಿಗೈಗಳನ್ನು ನೋಡಿಕೊಳ್ಳುತ್ತ ನಿಂತಿದ್ದಳು. "ಬೆಲೆ ಸಂದಿತು, ತಮ್ಮಾ," ಎಂದಳು.

ಇಬ್ಬರೂ ಸಸಿಗಳನ್ನು ಬೇರಿನ ಮಣ್ಣುಸಹಿತ ಎಬ್ಬಿಸಿ, ಮುತ್ತುಗದ ಎಲೆಯಲ್ಲಿ ಸುತ್ತಿ, ಹೊತ್ತು ತಂದರು. ಗುಡ್ಡದ ಬುಡದಲ್ಲಿ ಚೆನ್ನಾಚಾರ್ಯರು, "ಯಾವ ಊರಿನವರಪ್ಪ?" ಎಂದು ಕೇಳಿದರು. ಅಷ್ಟರಲ್ಲಿ ಮಕ್ಕಳು, "ನಮ್ಮ ಸಂಕಣ್ಣನವರು ಬಂದರು!" ಎಂದು ಕೂಗುತ್ತ ಓಡಿ ಬಂದರು. ಸಂಜೆಯೊಳಗೆ ಗುಡ್ಡವೆಲ್ಲ ಸಸಿಯಾಯಿತು.

ಸುದ್ದಿ ಹಬ್ಬಿತು. ಜನರು ಅಂಗಳದ ಮೊಳಕೆಗಳನ್ನು ಕೀಳುವುದನ್ನು ಬಿಟ್ಟರು. ಧೂಮಕಾಯನ ಬಾಗಿಲಿಗೆ ಯಾರೂ ಸುಳಿಯಲಿಲ್ಲ. ಅವನ ಹೆಸರನ್ನು ಕೊನೆಯವನೂ ಮರೆತ ದಿನ ಕೋಟೆ ಮಣ್ಣಾಗಿ ಕುಸಿಯಿತು. ಅದರೊಳಗೆ ಸೆರೆಯಾಗಿದ್ದ ನೆನಪುಗಳು ಹಕ್ಕಿಗಳಾಗಿ ತಮ್ಮ ತಮ್ಮವರನ್ನು ಹುಡುಕಿಕೊಂಡು ಹಾರಿದವು. ಗುರುಗಳು ಸಂಕಣ್ಣನನ್ನು ಅಪ್ಪಿಕೊಂಡರು. ಬೊಮ್ಮರಸ ಬಂಡಿ ಹೊಡೆದುಕೊಂಡು ಬಂದು, "ನನ್ನನ್ನು ಬಿಟ್ಟು ನಡೆದೇ ಬಂದೆಯೇನೋ, ಕಳ್ಳ!" ಎಂದು ಬೈದನು.

ಅಕ್ಕನನ್ನು ಹುಡುಕಿಕೊಂಡು ಯಾರೂ ಬರಲಿಲ್ಲ. ಅವಳನ್ನು ಬಲ್ಲವರೆಲ್ಲ ಎಂದೋ ತೀರಿಹೋಗಿದ್ದರು. ಅವಳ ನೆನಪಿನ ಹಕ್ಕಿಗಳು ಗುಡ್ಡದ ಮೇಲೆ ಸುತ್ತಿ ಸುತ್ತಿ ಮುಗಿಲಲ್ಲಿ ಕರಗಿದವು. ಅವಳು ದಾರಿ ನೋಡುತ್ತ ಕುಳಿತಿದ್ದಳು.

ಚೆಲುವಿ ಎಂಬ ಪುಟ್ಟ ಹುಡುಗಿ ಬಿಂದಿಗೆ ಹಿಡಿದು ಬಂದಳು. "ಅಜ್ಜೀ, ನೀನು ಯಾರ ಮನೆಯವಳು?"

"ಯಾರ ಮನೆಯವಳೂ ಅಲ್ಲ, ಕಂದ."

"ಹಾಗಾದರೆ ಏಳು. ನನ್ನ ಸಾಲಿನ ಸಸಿಗಳಿಗೆ ಇನ್ನೂ ನೀರು ಹೊಯ್ದಿಲ್ಲ. ಒಬ್ಬಳಿಗೇ ಬಿಂದಿಗೆ ಭಾರ."

ಅಕ್ಕ ಎದ್ದಳು. ಆ ಗುಡ್ಡದಲ್ಲಿ ನೆರಳು ಬೆಳೆಯಿತು, ಮಕ್ಕಳು ಬೆಳೆದರು, ಎಲ್ಲರೂ ಸುಖವಾಗಿದ್ದರು. ಅವಳ ಮೊದಲಿನ ಹೆಸರು ಮಾತ್ರ ಯಾರಿಗೂ ತಿಳಿಯಲಿಲ್ಲ. ಆದರೆ ಪ್ರತಿದಿನ ಬೆಳಗ್ಗೆ ಯಾರಾದರೊಬ್ಬರು ಅವಳನ್ನು ಕೂಗಿ ಕರೆಯುತ್ತಿದ್ದರು.