ಬಲಗೈಗೂ ಬಾಸ್ ಕ್ಲೆಫ್

"ಅಲ್ಲಿ ದಿವ್ಯ ಯಾಕೆ ಕೂತಿದಾಳೆ?"

ವಿಜಯನಗರದ ಸಂಗೀತ ಶಾಲೆಯ ಬಾಗಿಲಲ್ಲೇ ಗಗನಾ ನಿಂತುಬಿಟ್ಟಳು. ಪಿಯಾನೋ ಮುಂದೆ, ಬಸವಕಿರಣ್ ಕೂರಬೇಕಿದ್ದ ಜಾಗದಲ್ಲಿ ಜೊತೆಗೆ ಕಲಿಯುವ ದಿವ್ಯ!

"ಟ್ಯೂನ್ ನಾನ್ ಬರೀತೀನಿ, ಒಂದೇ ಪಿಯಾನೋದಲ್ಲಿ ಇಬ್ರೂ ನುಡ್ಸೋಣ" ಎಂದು ಮಾತು ಕೊಟ್ಟವನು ಅವನೇ. ಈಗ ಗೋಡೆಗೊರಗಿ ಕಣ್ಣು ತಪ್ಪಿಸುತ್ತಿದ್ದ.

"ಪ್ಲಾನ್ ಚೇಂಜ್ ಆಯ್ತು... ಮೇಲಿನ ಸ್ವರ ದಿವ್ಯಂದು, ಕೆಳಗಿನದು ನಿಂದು," ಎಂದು ಹಾಳೆ ಚಾಚಿದ.

ಕೆಳಗಿನದು! ಅಂದರೆ ಅವರಿಬ್ಬರ ಟ್ಯೂನಿಗೆ ನಾನು ಬರೀ ತಾಳ ಕುಟ್ಟಬೇಕಾ?

ಎಲೆ ಹಾಕಿ, ಬಡಿಸುವ ಮೊದಲೇ ಪಂಕ್ತಿಯಿಂದ ಎಬ್ಬಿಸಿದ ಹಾಗಾಯಿತು ಅವಳಿಗೆ. ಆದರೆ ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಜೋಡಿ ಆರಿಸುವ ಗೋಪೀನಾಥ ಸಾರ್ ಎದುರಿಗೇ ಕೂತಿದ್ದರು.

"ಶುರು ಮಾಡಮ್ಮ."

ನುಡಿಸಿದಳು. ಮೊದಲ ಸಾಲಿನಲ್ಲೇ ಅಪಸ್ವರ! ಮುಂದಿನದು ಇನ್ನೂ ಕರ್ಕಶ. ಹಿಂದೆ ಯಾರೋ ಕಿಸಕ್ಕೆಂದರು. ಗಗನಾ ಬಸವಕಿರಣ್ ಕಡೆ ತಿರುಗಿದಳು.

"ಬೇಕಂತಲೇ ತಪ್ಪು ಬರ್ದಿದೀಯಾ! ನಂಬ್ಸಿ ಕುತ್ತಿಗೆ ಕೊಯ್ದೆ ಕಣೋ!"

ಅಳು ನುಂಗಿಕೊಂಡು ಮೆಟ್ಟಿಲಿಳಿದು ಓಡಿದಳು. ಇವನಿಗಾಗಿ ಎಷ್ಟು ಸಂಜೆ ಕಾದಿದ್ದೆ... ಛೇ!

ಬಸವಕಿರಣ್ ಹಾಳೆ ಹಿಡಿದು ಹಿಂದೆಯೇ ಓಡಿಬಂದು ಕೆಳಗಿನ ಬೇಕರಿ ಮುಂದೆ ಅಡ್ಡ ನಿಂತ.

"ಬಲಗೈ ಸಾಲಿನ ಮೊದಲ ಗುರುತು ನೋಡೇ. ಅದು ಮೇಲಿನ ಸ್ವರದ ಟ್ರೆಬಲ್ ಕ್ಲೆಫ್ ಅಲ್ಲ, ಕೆಳಗಿನ ಸ್ವರದ ಬಾಸ್ ಕ್ಲೆಫ್. ಇಬ್ರು ಕೂತಾಗ ಕೆಳಗಿನ ಸ್ವರದವರಿಗೆ ಎರಡೂ ಕೈ ಬಾಸ್‌ನಲ್ಲೇ. ಗೆರೆ ಅದೇ, ಚುಕ್ಕೆ ಅದೇ, ಗುರುತು ಬದಲಾದ್ರೆ ಸ್ವರಾನೇ ಬೇರೆ. ಒಬ್ರೇ ನುಡ್ಸುವಾಗ ಬಲಗೈಗೆ ಟ್ರೆಬಲ್ ಇರತ್ತಲ್ಲ, ನೀನು ಆ ರೂಢಿ ಮೇಲೆ ಓದ್ಬಿಟ್ಟೆ."

ಕೋಪಕ್ಕೆ ಕಣ್ಣಿಲ್ಲ ಅನ್ನುವುದು ಸುಳ್ಳಲ್ಲ. ಗುರುತು ಕಣ್ಣೆದುರೇ ಇತ್ತು! ಅವಳು ಸರಿಯಾಗಿ ಓದುತ್ತಾ ಮೆಲ್ಲಗೆ ಗುನುಗಿದಳು. ಗಂಭೀರವಾದ, ಚೆಂದದ ಟ್ಯೂನ್...

"ಟ್ಯೂನ್ ನಂದಾ?"

"ನಿಂದೇ. ದಿವ್ಯಂದು ಬರೀ ಒಗ್ಗರಣೆ."

ನಾಚಿಕೆಯಾಯಿತು. ಆದರೂ ನೋವು ಇಳಿಯಲಿಲ್ಲ.

"ಮತ್ತೆ ನೀನ್ಯಾಕೆ ಕೂರ್ಲಿಲ್ಲ? ಮಾತು ಮುರಿದೆ ತಾನೇ?"

ಅವನು ತಲೆ ತಗ್ಗಿಸಿದ.

"ನಿನ್ನ ಪಕ್ಕ ಕೂತ್ರೆ ಕೈ ನಡುಗತ್ತೆ ಗಗನಾ. ಭುಜ ತಗುಲಿದ್ರೆ ಎಲ್ಲಾ ಮರ್ತೋಗತ್ತೆ. ನನ್ನಿಂದ ನಿನ್ನ ಚಾನ್ಸ್ ಹಾಳಾಗ್ಬಾರ್ದು ಅಂತ... ನಿನ್ನ ಪ್ರೀತಿಸ್ತೀನಿ ಅನ್ನೋಕೆ ಧೈರ್ಯ ಬರ್ಲಿಲ್ಲ."

"ನನ್ನ ಒಂದ್ ಮಾತು ಕೇಳ್ದೇನೇ ತೀರ್ಮಾನ ಮಾಡಿದ್ಯಲ್ಲ, ಅದೇ ಕಣೋ ನೋವು!"

"ತಪ್ಪಾಯ್ತು ಕಣೇ."

ಅವಳು ಕಣ್ಣೊರೆಸಿಕೊಂಡು ಅವನ ಕೈ ಹಿಡಿದು ಮೆಟ್ಟಿಲ ಕಡೆ ಎಳೆದಳು.

"ದಿವ್ಯಂಗೆ ನಾನ್ ಹೇಳ್ತೀನಿ, ಸಾರ್‌ನ ಇನ್ನೊಂದ್ ಚಾನ್ಸ್ ಕೇಳೋಣ. ನೀನೇ ಕೂತ್ಕೋ."

"ಕೈ ನಡುಗಿದ್ರೆ?"

"ನಡುಗ್ಲಿ ಬಿಡೋ... ನಂದೂ ನಡುಗ್ತಿದೆ."