ಸುಕುರ್ ಬೆಟ್ಟದ ಕೊಯ್ತಾ

ಬೆಟ್ಟದ ಕಬ್ಬಿಣ ಬೆಟ್ಟ ಇಳಿಯಬಾರದು, ಇಳಿಸಿದವನ ಮನೆಯ ರಕ್ತ ಕೇಳುತ್ತದೆ ಎಂದು ಅಲ್ಲಿ ಕುಲುಮೆ ಕಾಯುವ ಮುದುಕ ಕೈಮುಗಿದು ಹೇಳಿದ್ದ. ಕೇಳುವ ಕಿವಿ ಇರಬೇಕಲ್ಲ! ಉಗಾರ ಬುದ್ರುಕದ ವಿಕ್ರಾಂತ ನೈಜೀರಿಯಾದ ಸಕ್ಕರೆ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ರಜೆಯಲ್ಲಿ ಆ ದೇಶದ್ದೇ ಸುಕುರ್ ಬೆಟ್ಟ ನೋಡಲು ಹೋಗಿದ್ದ. ಕಲ್ಲುಕಟ್ಟೆಯ ಮೆಟ್ಟಿಲುಹೊಲಗಳು, ಅರಸನ ಕಲ್ಲಿನ ಮನೆ, ಹಿಂದಿನವರು ಕಬ್ಬಿಣ ಕರಗಿಸಿದ ಮಣ್ಣಿನ ಕುಲುಮೆಗಳು. ಜಗತ್ತೇ ಕಾಪಾಡುವ ಜಾಗ, ಒಂದು ಹರಳನ್ನೂ ಒಯ್ಯುವಂತಿಲ್ಲ. ಈ ಜಾಣ ಕುಲುಮೆಯ ಬೂದಿಯೊಳಗಿನ ಕಬ್ಬಿಣದ ತುಂಡನ್ನು ಚೀಲಕ್ಕೆ ಹಾಕಿ ಮುದುಕನ ಮುಖಕ್ಕೇ ನಕ್ಕ.

ಊರಿಗೆ ಬಂದವನೇ ಅದನ್ನು ಕಬ್ಬು ಕಡಿಯುವ ಕೊಯ್ತಾ ಮಾಡಲು ಕಮ್ಮಾರ ಧೂಳಪ್ಪನಿಗೆ ಕೊಟ್ಟ. ತಿದಿ ಒತ್ತಿದಂತೆಲ್ಲ ಸುಟ್ಟ ಕೂದಲಿನ ವಾಸನೆ ಎದ್ದಿತು. ಧೂಳಪ್ಪ ಕೊಯ್ತಾವನ್ನು ಗೋಣಿತಟ್ಟಿನಲ್ಲಿ ಸುತ್ತಿಯೇ ತಂದ.

"ಸಾಹೇಬ್ರ, ಇದನ್ನ ಎಲ್ಲಿಂದ ತಂದೀರಿ ಅಲ್ಲೇ ಇಟ್ಟ ಬರ್ರಿ. ನೀರಾಗ ಅದ್ದಿದರ ಅಳತೈತ್ರಿ."

ವಿಕ್ರಾಂತ ಹೊಟ್ಟೆ ಹಿಡಿದು ನಕ್ಕ. ಹೋಗಲಿ, ಹೊಸ ಕೊಯ್ತಾಕ್ಕೆ ಮೊದಲು ಕುಂಬಳಕಾಯಿ ಕಡಿಸುವ ರೂಢಿಯನ್ನಾದರೂ ಮಾಡಿರಿ, ಅದರ ಹಸಿವು ತೀರಲಿ ಎಂದು ಧೂಳಪ್ಪ ಗೋಗರೆದ. ಕುಂಬಳಕಾಯಿ ಪಲ್ಯಕ್ಕಿರಲಿ ಎಂದು ಇವನು ಕೊಯ್ತಾ ಹಿಡಿದು ಹೊಲಕ್ಕೆ ನಡೆದ.

ಮಟಮಟ ಮಧ್ಯಾಹ್ನ. ಗಾಣ ಗರಗರ ತಿರುಗುತ್ತಿತ್ತು, ಕೊಪ್ಪರಿಗೆಯಲ್ಲಿ ಬೆಲ್ಲದ ಪಾಕ ಕುದಿಯುತ್ತಿತ್ತು. ತುಂಬು ಬಸುರಿ ಹೆಂಡತಿ ಮನೀಷಾ ರೊಟ್ಟಿಯ ಬುತ್ತಿ ಹೊತ್ತು ಬಂದಳು. ವಿಕ್ರಾಂತನ ಬಲಗೈ ತಾನಾಗಿಯೇ ಎದ್ದಿತು. ಕೊಯ್ತಾ ಪಕ್ಕದಲ್ಲಿ ಕಟ್ಟಿದ್ದ ಎಮ್ಮೆಯ ಕುತ್ತಿಗೆಗೆ ಬಿತ್ತು. ಒಂದೇ ಏಟು. ಬಿಸಿ ರಕ್ತ ಅವನ ಬಾಯಿಗೇ ಚಿಮ್ಮಿತು. ಬೆರಳು ಬಿಚ್ಚಲು ನೋಡಿದ. ಬಿಚ್ಚಲಿಲ್ಲ. ಕೈ ಮನೀಷಾಳ ಕಡೆ ಎಳೆಯಿತು. ಕಾಲುಗಳು ಅದರ ಹಿಂದೆಯೇ ಓಡಿದವು.

"ಓಡ ಮನೀಷಾ!"

ಅವಳು ಮುಗ್ಗರಿಸಿ ಬಿದ್ದಳು. ಕೊಯ್ತಾ ಅವಳ ಹೊಟ್ಟೆಯ ಮೇಲೆ ಎದ್ದಿತು. ವಿಕ್ರಾಂತ ಮೈಯನ್ನೆಲ್ಲ ಎಳೆದು ಗಾಣದ ಮೇಲೆ ಬಿದ್ದ. ತೋಳನ್ನು ಉರುಳೆಗಳ ನಡುವೆ ತುರುಕಿದ. ಎಲುಬು ಕಬ್ಬಿನಂತೆ ಮುರಿಯಿತು. ಕಬ್ಬಿನ ಹಾಲು ಕೆಂಪಾಗಿ ಇಳಿಯಿತು. ಕೊಯ್ತಾ ಮಾತ್ರ ಕೊಂಕದೆ ಸಿಪ್ಪೆಯ ರಾಶಿಯ ಮೇಲೆ ಬಿತ್ತು.

ಅಥಣಿಯ ಆಸ್ಪತ್ರೆಯಲ್ಲಿ ಅವನಿಗೆ ಎಚ್ಚರವಾದಾಗ ಮೊಣಕೈ ಕೆಳಗೆ ಏನೂ ಇರಲಿಲ್ಲ. ಆದರೂ ಜೀವ ಹಗುರಾಯಿತು. ಮನೀಷಾ ಪಕ್ಕದಲ್ಲೇ ಕೂತಿದ್ದಳು, ಹೊಟ್ಟೆ ಸೆರಗಿನಡಿ ಭದ್ರವಾಗಿತ್ತು. ಕೊಯ್ತಾ ಎಲ್ಲಿ ಎಂದು ಕೇಳಿದ.

ಅವಳು ಅಳುತ್ತ ಸೆರಗು ಸರಿಸಿದಳು.

"ಹೊಳಿಗೆ ಒಗೀಬೇಕಂತ ಎತ್ತೀನ್ರಿ. ಇದು ಕೈ ಬಿಡವಲ್ದ್ರಿ."

ಅಲಗು ನಿಧಾನವಾಗಿ ಅವಳ ಹೊಟ್ಟೆಯ ಕಡೆ ತಿರುಗುತ್ತಿತ್ತು. ವಿಕ್ರಾಂತ ಉಳಿದಿದ್ದ ಎಡಗೈಯನ್ನು ಅದರ ಅಡ್ಡ ಚಾಚಿದ.